ಸ್ಪಂಜು ಗುರುಬಸಪ್ಪನವರು

ಗುರುಬಸಪ್ಪನವರು ಯಾವ ವಸ್ತುವನ್ನೂ ಮೂಗಿನ ಬಳಿಗೆ ಒಯ್ಯದೆ ಸ್ವೀಕರಿಸಿದ್ದನ್ನು ನಾನು ಕಂಡಿಲ್ಲ. ಮದುವೆಯ ಕರೆಯೋಲೆ, ಬಸ್ಸಿನ ಟಿಕೀಟು, ಅಂಗಡಿಯಿಂದ ಬಂದ ಬೆಲ್ಲದ ಅಚ್ಚು, ಸಂಕ್ರಾಂತಿಗೆ ನೆರೆಯವರು ಕೊಟ್ಟ ಎಳ್ಳಿನ ಪೊಟ್ಟಣ, ಎಲ್ಲವೂ ಮೊದಲು ಅವರ ಉದ್ದನೆಯ, ತುದಿಯಲ್ಲಿ ತುಸು ಬಾಗಿದ ಮೂಗಿನ ಮುಂದೆ ಒಂದು ಕ್ಷಣ ನಿಂತು, ಅಪ್ಪಣೆ ಪಡೆದು, ಆಮೇಲೆ ಜೇಬಿಗೋ ಮೇಜಿಗೋ ಇಳಿಯಬೇಕು. ೧೯೫೫ರ ಬೇಸಿಗೆಯಲ್ಲಿ ನಾನು ಜಯನಗರದ ಎರಡನೆಯ ಬ್ಲಾಕಿನಲ್ಲಿ ಅವರ ಮನೆಯಿಂದ ಮೂರನೆಯ ಮನೆಗೆ ಬಾಡಿಗೆಗೆ ಬಂದು, ಪರಿಚಯ ಹೇಳಿಕೊಳ್ಳಲು ಹೋದಾಗ, ನನ್ನ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು ಮೂಗಿನವರೆಗೆ ಎತ್ತಿ, "ಸೀಮೆಸುಣ್ಣ. ನೀವು ಮೇಷ್ಟ್ರು ಅಂತ ಇಟ್ಕೊಳ್ಳೋಣ" ಎಂದರು. ನಾನು ಕಾಲೇಜೊಂದರಲ್ಲಿ ಕನ್ನಡದ ಉಪನ್ಯಾಸಕನಾಗಿದ್ದೆ. ಅವರಿಗೆ ಕಣ್ಣು ಕಾಣುವುದಿಲ್ಲವೆಂಬುದು ನನಗೆ ಹೊಳೆದದ್ದು ಆಮೇಲೆ, ಅವರು ಕುರ್ಚಿಯನ್ನು ತೋರಿಸುವ ಬದಲು ಅದರ ಬೆನ್ನನ್ನು ತಟ್ಟಿ ಸದ್ದು ಮಾಡಿದಾಗ.

ಆ "ಅಂತ ಇಟ್ಕೊಳ್ಳೋಣ" ಅವರ ಮಾತಿನ ಬಾಲ. ಯಾವುದನ್ನೂ ಅವರು ಹೌದೆಂದು ಸಾಧಿಸುತ್ತಿರಲಿಲ್ಲ. ಸದ್ಯಕ್ಕೆ ಹಾಗೆಂದು ಒಪ್ಪಿಕೊಳ್ಳುತ್ತಿದ್ದರು. ಇವತ್ತು ಗುರುವಾರ ಅಂತ ಇಟ್ಕೊಳ್ಳೋಣ, ಇದು ಹುಣಸೆಮರ ಅಂತ ಇಟ್ಕೊಳ್ಳೋಣ, ಈ ಸಾರಿಗೆ ಉಪ್ಪು ಹಾಕಿದೆ ಅಂತ ಇಟ್ಕೊಳ್ಳೋಣ. ಕೊನೆಯದನ್ನು ಕೇಳಿದಾಗ ಮಾತ್ರ ಅವರ ಹೆಂಡತಿ ಶಿವಬಸಮ್ಮನವರು ಒಳಗಿನಿಂದಲೇ, ಇಟ್ಟುಕೊಳ್ಳುವುದು ಬೇಡ, ತಿಂದು ನೋಡಿದರೆ ಸಾಕು ಎಂದು ಉತ್ತರಿಸುತ್ತಿದ್ದರು.

ಅವರ ನಡಿಗೆಯೂ ನೋಡುವವರನ್ನು ನಿಲ್ಲಿಸುವಂಥದು. ಆಗಿನ ಜಯನಗರದಲ್ಲಿ ರಸ್ತೆಗಳು ಅಗಲ, ಮನೆಗಳು ವಿರಳ. ಮಧ್ಯಾಹ್ನದ ಹೊತ್ತು ಕನಕನಪಾಳ್ಯದ ಕಡೆಯಿಂದ ಬರುವ ಎತ್ತಿನ ಗಾಡಿಯ ಸದ್ದು ಅಶೋಕ ಸ್ತಂಭದವರೆಗೂ ಕೇಳುವಷ್ಟು ನಿಶ್ಶಬ್ದ. ಆ ನಿರ್ಜನ ಬೀದಿಯಲ್ಲಿ ಗುರುಬಸಪ್ಪನವರು ಕೋಲು ಹಿಡಿಯದೆ, ಪಾದವನ್ನು ನೆಲದಿಂದ ಎತ್ತದೆ ಮುಂದಕ್ಕೆ ಜಾರಿಸಿ, ಅಡಿಯಲ್ಲಿ ಏನಿದೆಯೆಂದು ಬೆರಳುಗಳಿಂದಲೇ ವಿಚಾರಿಸಿಕೊಂಡು, ಆಮೇಲೆ ಮೈಯ ಭಾರವನ್ನು ಅದರ ಮೇಲೆ ಬಿಡುತ್ತಿದ್ದರು. ಕುರುಡುತನ ಕಲಿಸಿದ ನಡಿಗೆಯೆಂದು ನಾನು ಭಾವಿಸಿದ್ದೆ. ಹಾಗಲ್ಲವಂತೆ. ಪಾಂಬನ್ನಿನ ಬಳಿಯ ಹವಳದ ದಿಬ್ಬಗಳ ಮೇಲೆ, ಮೊಣಕಾಲುದ್ದದ ಕಡಲ ನೀರಿನಲ್ಲಿ, ಮೈಯೆಲ್ಲ ಮುಳ್ಳಿರುವ ಮುಳ್ಳುಚೆಂಡೆಂಬ ಕಡಲಜೀವಿಗಳ ಮೇಲೆ ಕಾಲು ಬೀಳದಂತೆ ಹದಿನೆಂಟು ವರ್ಷ ನಡೆದವರು ಅವರು. ಕಣ್ಣು ನಿಚ್ಚಳವಾಗಿದ್ದಾಗಲೂ ಮೈಸೂರಿನ ಮದುವೆ ಛತ್ರದಲ್ಲಿ ಹೀಗೆಯೇ ನಡೆದು ಬಂದರೆಂದು ಶಿವಬಸಮ್ಮನವರು ನೆನೆಸಿಕೊಂಡು ನಗುತ್ತಿದ್ದರು. ಇನ್ನು ಅವರ ಬೂದುಬಣ್ಣದ ಮುಚ್ಚುಕತ್ತಿನ ಕೋಟು: ಅದಕ್ಕೆ ಆರು ಜೇಬು, ಒಂದೊಂದು ಜೇಬಿನಲ್ಲೂ ಒಂದೊಂದು ಒಣಗಿದ ಸ್ಪಂಜಿನ ತುಂಡು. ಎಷ್ಟು ಒಗೆದರೂ ಆ ಕೋಟಿನಿಂದ ಕಡಲಿನ ವಾಸನೆ ಹೋಗುತ್ತಿರಲಿಲ್ಲ. ಸಮುದ್ರವಿಲ್ಲದ ಈ ಎತ್ತರದ ಊರಿನಲ್ಲಿ ಹುಟ್ಟಿ ಬೆಳೆದ ನನಗೆ, ಸಮುದ್ರದ ಮೊದಲ ಪರಿಚಯವಾದದ್ದು ಆ ಕೋಟಿನಿಂದ.

ಅವರ ಪೂರ್ವವೃತ್ತಾಂತವನ್ನು ನಾನು ಬಿಡಿಬಿಡಿಯಾಗಿ ಕೂಡಿಸಿಕೊಂಡೆ. ತುಮಕೂರಿನ ಕಡೆಯ ಲಿಂಗಾಯತ ಮನೆತನ. ಮದರಾಸಿನಲ್ಲಿ ಪ್ರಾಣಿಶಾಸ್ತ್ರ ಓದಿ, ಅಲ್ಲಿಯ ಮೀನುಗಾರಿಕೆ ಇಲಾಖೆಯಲ್ಲಿ ಕೆಲಸಕ್ಕೆ ಸೇರಿ, ಮನ್ನಾರ್ ಕೊಲ್ಲಿಯ ಸ್ಪಂಜುಗಳನ್ನು ಗುರುತಿಸಿ ಪಟ್ಟಿಮಾಡುವ ಹೊಣೆ ಹೊತ್ತವರು. ಸ್ಪಂಜಿನ ಮೈಯೊಳಗೆ ಸೂಕ್ಷ್ಮವಾದ ಗಾಜಿನ ಸೂಜಿಗಳಿರುತ್ತವೆ. ಯಾವ ಸೂಜಿ ಯಾವ ಆಕಾರದ್ದೆಂದು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಳೆದು, ಕೈಯಿಂದ ಚಿತ್ರ ಬರೆದರೇ ಅದು ಯಾವ ಜಾತಿಯೆಂದು ತೀರ್ಮಾನವಾಗುವುದು. ಅಂಥ ಸಾವಿರಾರು ಚಿತ್ರಗಳನ್ನು ಬರೆದ ಕಣ್ಣುಗಳಿಗೆ ಒಳಗಿನ ಒತ್ತಡ ಏರುವ ರೋಗ ತಗುಲಿ, ೧೯೫೨ರಲ್ಲಿ ಬೆಳಕು ಪೂರ್ತಿ ಆರಿತು. ಇಲಾಖೆಗೆ ಸೇರಿದ್ದನ್ನೆಲ್ಲ ಇಲಾಖೆಗೇ ಒಪ್ಪಿಸಿ, ರಜೆಯ ದಿನಗಳಲ್ಲಿ ತಾವಾಗಿ ಸಂಗ್ರಹಿಸಿ ಸ್ಪಿರಿಟ್ಟಿನಲ್ಲಿ ಮುಳುಗಿಸಿಟ್ಟಿದ್ದ ಸ್ಪಂಜುಗಳ ನೂರಹನ್ನೆರಡು ಜಾಡಿಗಳನ್ನು ಹುಲ್ಲಿನಲ್ಲಿ ಸುತ್ತಿ ರೈಲಿನಲ್ಲಿ ತಂದು, ಜಯನಗರದ ಮನೆಯ ಮುಂಗೋಣೆಯ ಎರಡು ಬೀರುಗಳಲ್ಲಿ ಜೋಡಿಸಿದರು. ಜೋಡಿಸಿದ್ದು ಅವರೇ, ಬೆರಳಿನಿಂದ. ಯಾವ ಜಾಡಿ ಎಲ್ಲಿದೆಯೆಂದು ಕೇಳಿದರೆ, ಎದ್ದು ಹೋಗಿ ಬಾಗಿಲು ತೆರೆದು, ತಡವರಿಸದೆ ಅದರ ಮುಚ್ಚಳದ ಮೇಲೆ ಕೈಯಿಡುತ್ತಿದ್ದರು.

ನನಗೆ ಸ್ಪಂಜೆಂದರೆ ಮಕ್ಕಳು ಸ್ಲೇಟು ಒರೆಸುವ ವಸ್ತು, ಅಷ್ಟೆ. ಅದು ಪ್ರಾಣಿಯೆಂಬುದೇ ಗೊತ್ತಿರಲಿಲ್ಲ. ಅವರು ಅದನ್ನು ನನಗೆ ಎಷ್ಟೋ ಸಂಜೆಗಳಲ್ಲಿ, ಅವಸರವಿಲ್ಲದೆ, ಸ್ವಲ್ಪಸ್ವಲ್ಪವಾಗಿ ತಿಳಿಸಿಕೊಟ್ಟರು. ಬಾಯಿಲ್ಲ, ಹೊಟ್ಟೆಯಿಲ್ಲ, ಹೃದಯವಿಲ್ಲ, ನರವಿಲ್ಲ, ಮಿದುಳಿಲ್ಲ. ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು, ರಂಧ್ರದ ಒಳಗೆ ಕಾಲುವೆಗಳು, ಕಾಲುವೆಯುದ್ದಕ್ಕೂ ಪುಟ್ಟಪುಟ್ಟ ಚಾಟಿಗಳನ್ನು ಬೀಸುತ್ತ ನೀರನ್ನು ಒಳಕ್ಕೆಳೆಯುವ ಲಕ್ಷಾಂತರ ಜೀವಕೋಶಗಳು. ಮುಷ್ಟಿಗಾತ್ರದ ಒಂದು ಸ್ಪಂಜು ದಿನವೊಂದಕ್ಕೆ ಹತ್ತಾರು ಕೊಡ ಸಮುದ್ರವನ್ನು ತನ್ನೊಳಗಿಂದ ಹಾಯಿಸಿ, ಅದರಲ್ಲಿದ್ದ ಅಣುಗಾತ್ರದ ಆಹಾರವನ್ನು ಸೋಸಿಕೊಂಡು, ನೀರನ್ನು ತಿಳಿಯಾಗಿ ಹೊರಕ್ಕೆ ಬಿಡುತ್ತದೆ. ಜೀವಂತ ಸ್ಪಂಜನ್ನು ತೆಳುರೇಷ್ಮೆಯ ಬಟ್ಟೆಯಲ್ಲಿಟ್ಟು ಹಿಂಡಿ, ಬಿಡಿಬಿಡಿ ಕೋಶಗಳ ಗಂಜಿಯಂತೆ ನೀರಿಗೆ ಬಿಟ್ಟರೆ, ಆ ಕೋಶಗಳು ತೆವಳಿ, ಒಂದನ್ನೊಂದು ಹುಡುಕಿ, ಅಂಟಿಕೊಂಡು, ದಿನಗಳ ಮೇಲೆ ಮತ್ತೆ ಸ್ಪಂಜಾಗುತ್ತವೆ. ಎರಡು ಜಾತಿಯವನ್ನು ಬೆರೆಸಿ ಬಿಟ್ಟರೂ ಕೆಂಪು ಕೆಂಪಿನೊಡನೆ, ಹಳದಿ ಹಳದಿಯೊಡನೆ ಕೂಡುವುದನ್ನು ತಾವೇ ಕಂಡಿದ್ದಾಗಿ ಹೇಳಿದರು. ನಾನು ಆ ದಿನ ಮನೆಗೆ ಬಂದು ಬಹಳ ಹೊತ್ತು ಏನನ್ನೂ ಓದಲಾರದೆ ಕುಳಿತಿದ್ದೆ. ಯಾರು ಯಾರಿಗೆ ಹೇಳಿಕೊಟ್ಟರು, ಯಾವ ಮಿದುಳಿನಿಂದ ನೆನಪಿಟ್ಟುಕೊಂಡವು ಎಂದು ಮಾರನೆಯ ದಿನ ಕೇಳಿದಾಗ, ಅದು ಗೊತ್ತಿದ್ದರೆ ತಾವು ಇನ್ನೂ ಬದುಕಿರಬೇಕೆಂದು ಆಸೆಪಡುತ್ತಿರಲಿಲ್ಲವೆಂದು ಉತ್ತರ ಬಂತು.

ಕಣ್ಣು ಹೋದ ಮೇಲೆ ಅವರು ಸ್ಪಂಜುಗಳನ್ನು ಮೂಗು, ಬೆರಳು ಮತ್ತು ನಾಲಿಗೆಯಿಂದ ಅರಿಯತೊಡಗಿದ್ದರು. ನಾಲಿಗೆ ಎಂದದ್ದು ಉತ್ಪ್ರೇಕ್ಷೆಯಲ್ಲ. ಒಣಗಿದ ತುಂಡನ್ನು ನಾಲಿಗೆಯ ತುದಿಗೆ ಮುಟ್ಟಿಸಿ, ಕಹಿಯೋ ಒಗರೋ ಉರಿಯೋ ಎಂದು ನೋಡಿ ಉಗುಳಿಬಿಡುತ್ತಿದ್ದರು. ದಿನಕ್ಕೆರಡು ಸಲ ಲಿಂಗಪೂಜೆ ಮಾಡುವ, ಈರುಳ್ಳಿಯನ್ನೂ ಹಬ್ಬದಂದು ಬಿಡುವ ಮನೆಯಲ್ಲಿ ಕಡಲ ಪ್ರಾಣಿಯೊಂದು ಯಜಮಾನರ ನಾಲಿಗೆ ಮುಟ್ಟುವುದನ್ನು ಶಿವಬಸಮ್ಮನವರು ಒಪ್ಪುವುದಾದರೂ ಹೇಗೆ? ಹಿತ್ತಲಿಗೆ ಹೋಗಿ ಮೂರು ಸಲ ಬಾಯಿ ಮುಕ್ಕಳಿಸಿದ ಹೊರತು ಒಳಗೆ ಬರಬಾರದೆಂದು ಅವರು ಕಟ್ಟಳೆ ಮಾಡಿದ್ದರು. ಗುರುಬಸಪ್ಪನವರು ಮಾತಾಡದೆ ಹಿತ್ತಲಿಗೆ ಹೋಗಿ ಬರುತ್ತಿದ್ದರು. ಒಂದು ಸಲ ಮಾತ್ರ ನನ್ನೆದುರಿಗೆ ಸಮಜಾಯಿಷಿ ಕೊಟ್ಟರು: "ತಿನ್ನೋದಲ್ಲ ಮೇಷ್ಟ್ರೇ ಇದು. ನೀನ್ಯಾರಪ್ಪ ಅಂತ ಕೇಳೋದು."

ಒಂದು ಭಾನುವಾರ ನನ್ನನ್ನು ಯಡಿಯೂರು ಕೆರೆಗೆ ಕರೆದುಕೊಂಡು ಹೋಗಿ ಎಂದರು. ಅಲ್ಲಿ ಬೈರಣ್ಣ ಎಂಬ ರೈತ ಎತ್ತು ತೊಳೆಯುತ್ತಿದ್ದ. ಅವನ ಹೊಲದ ಬಹುಭಾಗ ಆಗಲೇ ಬಡಾವಣೆಗೆ ಸೇರಿಹೋಗಿ, ಉಳಿದ ತುಂಡಿನಲ್ಲಿ ಸೊಪ್ಪು ಬೆಳೆಯುತ್ತಿದ್ದ. ಗುರುಬಸಪ್ಪನವರು ಕೋಟನ್ನು ನನ್ನ ಕೈಗೆ ಕೊಟ್ಟು, ಪಂಚೆ ಎತ್ತಿಕಟ್ಟಿ ನೀರಿಗಿಳಿದು, ಕಲ್ಲಿನ ಮೆಟ್ಟಿಲ ಅಡಿಗೆ ತೋಳುದ್ದ ಕೈ ಚಾಚಿ ತಡಕತೊಡಗಿದರು. ಬೈರಣ್ಣ ಗಾಬರಿಯಾಗಿ, "ಸಾಮೀ, ಆ ಕಲ್ಲಿನ ಅಡೀಕೆ ಕೈ ಹಾಕ್‌ಬ್ಯಾಡಿ. ಅಲ್ಲಿ ಒಂಥರಾ ಪಾಚಿ ಐತೆ, ಮುಟ್ಟಿದ್ರೆ ಮೂರು ದಿನ ನವೆ ಬಿಡಾಕಿಲ್ಲ" ಎಂದ. ಅದನ್ನು ಕೇಳಿ ಗುರುಬಸಪ್ಪನವರ ಮುಖ ಅರಳಿದ್ದನ್ನು ನೋಡಬೇಕಿತ್ತು. ಹಸುರು ಮಿಶ್ರಿತ ಕಂದುಬಣ್ಣದ, ಮೆತ್ತಗಿನ ತುಂಡೊಂದನ್ನು ಕಿತ್ತು ತಂದು ಮೂಗಿಗೆ ಹಿಡಿದು, ಅದು ಪಾಚಿಯಲ್ಲ, ಕಡಲಿನವರ ದಾಯಾದಿ, ಸಿಹಿನೀರಿಗೆ ಬಂದು ನೆಲೆಸಿದ ಸ್ಪಂಜು ಎಂದು ಬೈರಣ್ಣನಿಗೆ ವಿವರಿಸಿದರು. ನವೆ ತರಿಸುವುದು ಅದರ ಗಾಜಿನ ಸೂಜಿಗಳು. ಎತ್ತುಗಳು ಆ ಕಲ್ಲಿನ ಹತ್ತಿರ ನಿಲ್ಲುತ್ತವೆಯೇ ಎಂದು ಕೇಳಿದರು. ನಿಲ್ಲುವುದಿಲ್ಲ, ಮೀನೂ ಅದನ್ನು ಕಚ್ಚುವುದಿಲ್ಲ ಎಂದು ಬೈರಣ್ಣ ಹೇಳಿದ. ದಾರಿಯುದ್ದಕ್ಕೂ ಗುರುಬಸಪ್ಪನವರು ಅದನ್ನೇ ಮೆಲುಕು ಹಾಕಿದರು. ಕಾಲಿಲ್ಲ, ಓಡಲಾರದು, ಹಲ್ಲಿಲ್ಲ, ಕಚ್ಚಲಾರದು, ಚಿಪ್ಪಿಲ್ಲ, ಅಡಗಲಾರದು, ಸುತ್ತಲೂ ಬಾಯಿರುವವರೇ. ಹಾಗಿದ್ದೂ ಕೋಟ್ಯಂತರ ವರ್ಷ ಬದುಕಿ ಬಂದಿದೆ. "ಓಡೋಕ್ಕಾಗ್ದೇ ಇರೋರು ಮನೇಲೇ ಏನೋ ಔಷಧಿ ಮಾಡ್ಕೊಂಡಿರ್ತಾರೆ ಅಂತ ಇಟ್ಕೊಳ್ಳಿ" ಎಂದರು. ಆ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ.

ಬೀರುವಿನ ನಲವತ್ತೊಂದನೆಯ ಜಾಡಿಗೆ ಮಾತ್ರ ಹೆಸರಿನ ಚೀಟಿ ಇರಲಿಲ್ಲ. ೧೯೩೮ರಲ್ಲಿ ಶಂಖಕ್ಕಾಗಿ ಮುಳುಗುವವನೊಬ್ಬ ಅದನ್ನು ಕಲ್ಲಿನ ಸಮೇತ ಎತ್ತಿ ದೋಣಿಗೆ ಹಾಕಿದನಂತೆ. ಕಲ್ಲಿನ ಮೇಲೆಲ್ಲ ಚಿಪ್ಪು, ಪಾಚಿ, ಹುಳು ದಟ್ಟವಾಗಿ ಮುಸುಕಿದ್ದವು; ಆ ಸ್ಪಂಜಿನ ಮೈಮೇಲೆ, ಅದರ ಸುತ್ತ ಒಂದಂಗುಲದಷ್ಟು ಜಾಗದಲ್ಲಿ, ಏನೊಂದೂ ಕೂತಿರಲಿಲ್ಲ. ನೀರಿನಿಂದ ಬಂದಾಗ ಅಚ್ಚಹಳದಿ. ದೋಣಿ ದಡಕ್ಕೆ ಮುಟ್ಟುವ ಮುಂಚೆ ಕಡುನೇರಳೆ. ಅದರಲ್ಲಿ ಗಾಜಿನ ಸೂಜಿಯೇ ಇಲ್ಲ, ಬರೀ ನಾರು. ನಾರಿನ ಸ್ಪಂಜುಗಳನ್ನು ಗುರುತಿಸುವುದು ಅತ್ಯಂತ ಕಷ್ಟ. ಸಾವಧಾನವಾಗಿ ನೋಡೋಣವೆಂದು ಎತ್ತಿಟ್ಟರು, ಅಷ್ಟರಲ್ಲಿ ಕಣ್ಣು ಹೋಯಿತು. ಅಂಥದು ಮತ್ತೆ ಅವರಿಗೆ ಸಿಗಲೂ ಇಲ್ಲ. ಜಾಡಿಯ ಸ್ಪಿರಿಟ್ಟು ಬಣ್ಣ ತಿರುಗಿದರೆ ಚೆಲ್ಲಿ ಹೊಸದನ್ನು ತುಂಬುವುದು ವಸ್ತುಸಂಗ್ರಹಾಲಯಗಳ ಪದ್ಧತಿ. ಗುರುಬಸಪ್ಪನವರು ಅದಕ್ಕೆ ಜಗ್ಗುತ್ತಿರಲಿಲ್ಲ. ಬಣ್ಣ ಅದರ ಮೈಯಿಂದ ಇಳಿದದ್ದು, ಚೆಲ್ಲಲು ನಾವ್ಯಾರು ಎಂಬುದು ಅವರ ಹಟ. ಆವಿಯಾಗಿ ಕಡಿಮೆಯಾದಷ್ಟನ್ನು ಮಾತ್ರ ಮೇಲಿನಿಂದ ತುಂಬಬೇಕು. ಕಣ್ಣು ಹೋದ ಮೇಲೆ ಆ ಕೆಲಸ ಶಿವಬಸಮ್ಮನವರದಾಯಿತು. ತಿಂಗಳಿಗೊಂದು ಸೋಮವಾರ, ಸ್ಪಿರಿಟ್ಟಿನ ನಾತಕ್ಕೆ ಮುಖ ತಿರುಗಿಸಿ, ಸೆರಗಿನಿಂದ ಮೂಗು ಮುಚ್ಚಿಕೊಂಡು, ಆಲಿಕೆಯಿಂದ ನೂರಹನ್ನೆರಡು ಜಾಡಿಗಳಿಗೂ ಅವರು ಸ್ಪಿರಿಟ್ಟು ಎರೆದು, ಮುಚ್ಚಳಕ್ಕೆ ಮತ್ತೆ ಮೇಣ ಹಚ್ಚುತ್ತಿದ್ದುದನ್ನು ನಾನು ಹಲವು ಸಲ ನೋಡಿದ್ದೇನೆ. ಗಂಡನ ನಂಬಿಕೆಯಲ್ಲಿ ತಮಗೆ ನಂಬಿಕೆಯಿದೆಯೇ ಎಂದು ಅವರು ಎಂದೂ ಹೇಳಲಿಲ್ಲ. ಎರೆಯುವುದನ್ನು ತಪ್ಪಿಸಲೂ ಇಲ್ಲ.

ಅವರಿಗೆ ಬರುತ್ತಿದ್ದ ವಿಜ್ಞಾನ ಪತ್ರಿಕೆಗಳನ್ನು ಓದಿ ಹೇಳುವ ಕೆಲಸ ಕ್ರಮೇಣ ನನ್ನ ಪಾಲಿಗೆ ಬಂತು. ಅರ್ಥವಾಗದ ಪದಗಳನ್ನು ಅಕ್ಷರ ಅಕ್ಷರವಾಗಿ ಒಪ್ಪಿಸುತ್ತಿದ್ದೆ. ೧೯೬೦ರ ಒಂದು ಸಂಜೆ ಓದಿದ ಲೇಖನದಲ್ಲಿ, ಅಮೆರಿಕದ ಕಡಲತೀರದ ಕೆಂಪು ಸ್ಪಂಜೊಂದರ ರಸ ರೋಗಾಣುಗಳನ್ನು ಬೆಳೆಯಗೊಡುವುದಿಲ್ಲವೆಂದೂ, ಫ್ಲಾರಿಡಾದ ಇನ್ನೊಂದು ಸ್ಪಂಜಿನಲ್ಲಿ ಬೇರೆಲ್ಲೂ ಕಾಣದ ವಿಚಿತ್ರ ಸಕ್ಕರೆಯ ಸಂಯುಕ್ತಗಳು ದೊರೆತು, ಅವುಗಳ ಮಾದರಿಯಲ್ಲಿ ರಕ್ತದ ಕ್ಯಾನ್ಸರಿಗೆ ಮದ್ದು ಕಟ್ಟಲು ರಸಾಯನಜ್ಞರು ತೊಡಗಿದ್ದಾರೆಂದೂ ಇತ್ತು. ಗುರುಬಸಪ್ಪನವರು ಆ ಭಾಗವನ್ನು ಮೂರು ಸಲ ಓದಿಸಿದರು. ಆಮೇಲೆ ಎದ್ದು ಹೋಗಿ ನಲವತ್ತೊಂದನೆಯ ಜಾಡಿಯ ಮೇಲೆ ಕೈಯಿಟ್ಟು ನಿಂತರು. ಇದನ್ನು ಪರೀಕ್ಷೆ ಮಾಡುವವರು ಈ ಊರಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದರು.

ನನಗೆ ನೆನಪಾದದ್ದು ಕಾತ್ಯಾಯಿನಿ. ಇಂಟರ್‌ಮೀಡಿಯೆಟ್‌ನಲ್ಲಿ ನನ್ನ ಕನ್ನಡ ತರಗತಿಯಲ್ಲಿದ್ದ ಬಸವನಗುಡಿಯ ಹುಡುಗಿ. ಈಗ ಒಂದು ಪ್ರಯೋಗಾಲಯದಲ್ಲಿ ಮಣ್ಣಿನ ಬೂಷ್ಟುಗಳಿಂದ ಔಷಧ ತೆಗೆಯಬಹುದೇ ಎಂದು ಶೋಧಿಸುತ್ತಿದ್ದವಳು. ಹೇಳಿಕಳಿಸಿದಾಗ ಸೈಕಲ್ಲಿನಲ್ಲಿ ಬಂದಳು, ಗುರುಬಸಪ್ಪನವರು ಅವಳ ಕೈಯನ್ನು ಮೂಸಿ, "ಬೂಷ್ಟು ಬೆಳೆಸೋ ಅಗರಿನ ಗಂಜಿ, ಗ್ಯಾಸಿನ ಒಲೆ. ಕೆಲಸ ಮಾಡೋ ಕೈ" ಎಂದರು. ಅವಳು ಎಲ್ಲವನ್ನೂ ಕೇಳಿ, ಪರೀಕ್ಷೆ ಮಾಡಬಹುದು, ಆದರೆ ಸ್ಪಂಜನ್ನು ಪೂರ್ತಿ ಅರೆಯಬೇಕಾಗುತ್ತದೆ ಎಂದಳು. ಜಾಡಿಯಲ್ಲಿದ್ದದ್ದು ಒಂದು ಸಪೋಟ ಹಣ್ಣಿನಷ್ಟು. ಅರೆದರೆ ಏನೂ ಉಳಿಯುವುದಿಲ್ಲ.

ಆ ಬೇಡಿಕೆಯ ಕ್ರೌರ್ಯವನ್ನು ಗುರುಬಸಪ್ಪನವರ ವೃತ್ತಿ ಗೊತ್ತಿಲ್ಲದವರಿಗೆ ಹೇಳಬೇಕು. ವರ್ಗೀಕರಣ ಮಾಡುವವನಿಗೆ ವಸ್ತುವೇ ಸಾಕ್ಷಿ. ವರ್ಣಿಸದ, ಹೆಸರಿಡದ, ಬೇರೆಲ್ಲೂ ಇಲ್ಲವೆಂದು ಅವರು ನಂಬಿದ್ದ ಒಂದು ಜೀವಿಯ ಏಕೈಕ ಮಾದರಿಯನ್ನು ಅರೆದುಬಿಟ್ಟರೆ, ಅದು ಎಂದಾದರೂ ಇತ್ತೆಂದು ಹೇಳಲು ಜಗತ್ತಿನಲ್ಲಿ ಏನೂ ಉಳಿಯದು. ಆದರೆ ಅರೆಯದಿದ್ದರೆ ಅದರೊಳಗೆ ಏನಿತ್ತೆಂಬುದು ಎಂದೆಂದಿಗೂ ತಿಳಿಯದು. ಹನ್ನೊಂದು ದಿನ ಅವರು ಉತ್ತರ ಹೇಳಲಿಲ್ಲ. ಊಟ ಕಡಿಮೆಯಾಯಿತು. ನಾನು ಓದಲು ಹೋದರೆ ಇವತ್ತು ಬೇಡ ಎನ್ನುತ್ತಿದ್ದರು. ಹನ್ನೆರಡನೆಯ ದಿನ ಶಿವಬಸಮ್ಮನವರು ಕಾಫಿ ತಂದಿಟ್ಟು, ನಾನಿದ್ದೇನೆಂಬುದನ್ನೂ ಲಕ್ಷಿಸದೆ ಹೇಳಿದರು: "ಇಪ್ಪತ್ತೆರಡು ವರ್ಷ ಇದನ್ನ ಕಾಪಾಡಿದ್ದು ಯಾಕ್ರೀ? ಯಾರಾದ್ರೂ ಒಬ್ಬರು ಬಂದು ಕೇಳ್ಲಿ ಅಂತ ತಾನೆ? ಈಗ ಕೇಳ್ತಿದಾರೆ."

ಗುರುಬಸಪ್ಪನವರು ಕಾಫಿಯನ್ನು ಮೂಸದೆ ಕುಡಿದರು. ಕಾತ್ಯಾಯಿನಿಯನ್ನು ಬರಹೇಳಿದರು.

ಅವಳು ಬಂದದ್ದು ಶನಿವಾರ ಬೆಳಗ್ಗೆ, ಚಿಮಟ, ಒರಳು, ತಕ್ಕಡಿಯೊಂದಿಗೆ. ಮುಚ್ಚಳದ ಮೇಣವನ್ನು ಗುರುಬಸಪ್ಪನವರೇ ಉಗುರಿನಿಂದ ಕೆತ್ತಿದರು. ಮುಚ್ಚಳ ತೆರೆದ ಕೂಡಲೆ ಅಭ್ಯಾಸದಂತೆ ಮೂಗನ್ನು ಜಾಡಿಯ ಬಾಯಿಗೆ ತಂದರು. ತಂದವರು ಹಾಗೆಯೇ ನಿಂತುಬಿಟ್ಟರು. ಅವಳು ಚಿಮಟವನ್ನು ಒಳಗಿಳಿಸುವುದರಲ್ಲಿದ್ದಳು. "ತಡಿ. ಸ್ಪಂಜಿಗೆ ಕೈ ಹಚ್ಚಬೇಡ. ಮೊದಲು ಈ ನೀರು ನೋಡು" ಎಂದರು. ಸ್ಪಂಜಿನ ಒಳಗಿದ್ದದ್ದೆಲ್ಲ ಇಪ್ಪತ್ತೆರಡು ವರ್ಷಗಳಲ್ಲಿ ಸ್ಪಿರಿಟ್ಟಿಗೆ ಇಳಿದಿರಬೇಕಲ್ಲವೇ ಎಂದರು. ಕಾತ್ಯಾಯಿನಿ ಆ ಕಡುನೇರಳೆಯ ದ್ರವವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ತನ್ನ ಹಣೆಯನ್ನು ಅಂಗೈಯಿಂದ ಒತ್ತಿಕೊಂಡಳು. ಅರೆದ ಮೇಲೆ ತಾನು ಮಾಡಬೇಕೆಂದಿದ್ದ ಮುಂದಿನ ಕೆಲಸವೇ ಅದನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕುವುದಾಗಿತ್ತೆಂದು ಹೇಳಿದಳು. ಬಣ್ಣ ಚೆಲ್ಲಬಾರದೆಂಬ ಅವರ ಹಟ, ಮುಖ ತಿರುಗಿಸಿಕೊಂಡೇ ಎರೆದ ಶಿವಬಸಮ್ಮನವರ ಸೋಮವಾರಗಳು, ಎರಡೂ ಸೇರಿ ಆ ಕೆಲಸವನ್ನು ಆಗಲೇ ಮುಗಿಸಿದ್ದವು. ಅರ್ಧ ಜಾಡಿ ಸ್ಪಿರಿಟ್ಟನ್ನು ಮಾತ್ರ ಅವಳು ಒಯ್ದಳು.

ಐದನೆಯ ದಿನ ಮಧ್ಯಾಹ್ನ ಬಂದಳು. ಸೈಕಲ್ಲನ್ನು ಗೇಟಿಗೆ ಒರಗಿಸುವುದಕ್ಕೂ ನಿಲ್ಲದೆ ಕೆಡವಿ ಒಳಗೆ ಬಂದದ್ದನ್ನು ನಾನು ಕಿಟಕಿಯಿಂದ ಕಂಡೆ. ಕೀವು ತರಿಸುವ ರೋಗಾಣುಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಆ ದ್ರವದಲ್ಲಿ ಅದ್ದಿ ಒಣಗಿಸಿದ ಕಾಗದದ ಬಿಲ್ಲೆಯನ್ನು ನಡುವೆ ಇಟ್ಟಿದ್ದಳಂತೆ. ಬಿಲ್ಲೆಯ ಸುತ್ತ ಒಂದು ರೋಗಾಣುವೂ ಬೆಳೆದಿಲ್ಲ. ಗುರುಬಸಪ್ಪನವರು ಕೇಳಿದ ಮೊದಲ ಪ್ರಶ್ನೆ, "ಬರೀ ಸ್ಪಿರಿಟ್ ಹಾಕಿ ನೋಡಿದ್ಯೇನಮ್ಮ?" ಎಂದು. ನೋಡಿದ್ದಳು, ಅದಕ್ಕೆ ಏನೂ ಆಗಿರಲಿಲ್ಲ. ಎಷ್ಟು ಅಗಲ ಎಂದರು. ಅವಳು ಅವರ ಬಲಗೈಯನ್ನು ತೆಗೆದುಕೊಂಡು, ಅಂಗೈಯ ನಡುವೆ ಪೆನ್ನಿನ ಹಿಂಬದಿಯಿಂದ ಮೊದಲು ಬಿಲ್ಲೆಯಷ್ಟು ಪುಟ್ಟ ವೃತ್ತವನ್ನೂ, ಅದರ ಸುತ್ತ ಹೆಬ್ಬೆರಳಿನ ಅಗಲ ಬಿಟ್ಟು ದೊಡ್ಡ ವೃತ್ತವನ್ನೂ ನಿಧಾನವಾಗಿ ಎಳೆದಳು. ಕಡಲ ತಳದಲ್ಲಿ, ಕಲ್ಲಿನ ಮೇಲೆ, ತನ್ನ ಸುತ್ತ ಒಂದಂಗುಲ ಜಾಗವನ್ನು ಯಾರೂ ಸೇರದಂತೆ ಕಾದುಕೊಂಡಿದ್ದ ಆ ಮಿದುಳಿಲ್ಲದ ಜೀವಿ, ಸತ್ತು ಇಪ್ಪತ್ತೆರಡು ವರ್ಷವಾದ ಮೇಲೂ, ಈ ಊರಿನ ಗಾಜಿನ ತಟ್ಟೆಯಲ್ಲಿ ಅದನ್ನೇ ಮಾಡಿತ್ತು. ಗುರುಬಸಪ್ಪನವರು ಅಂಗೈಯನ್ನು ಮುಚ್ಚದೆ, ಮೊಣಕಾಲಿನ ಮೇಲೆ ಹಾಗೆಯೇ ತೆರೆದಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು.

ಆ ವಸ್ತು ಯಾವುದೆಂದು ಬಿಡಿಸಲು ಅರ್ಧ ಜಾಡಿ ಸಾಲದು. ಹೊಸ ಸ್ಪಂಜು ಬೇಕು. ಕಾತ್ಯಾಯಿನಿ ಪಾಂಬನ್ನಿನ ಹತ್ತಿರದ ಮಂಡಪವೆಂಬ ಊರಿಗೆ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದಳು. ಹೋಗುವ ಮುಂಚೆ ಗುರುಬಸಪ್ಪನವರು ಅವಳ ಕಣ್ಣಿಗೆ ಕರವಸ್ತ್ರ ಕಟ್ಟಿ, ಒಂದೊಂದೇ ತುಂಡನ್ನು ಕೈಗಿಟ್ಟು, ಬೆರಳಿಗೂ ಮೂಗಿಗೂ ವಾರಗಟ್ಟಲೆ ಪಾಠ ಹೇಳಿದ್ದರು. ಕಣ್ಣು ಬಣ್ಣ ನೋಡಿ ಮೋಸಹೋಗುತ್ತದೆ, ಕಲಕಿದ ನೀರಿನಲ್ಲಿ ಅದು ಕೆಲಸಕ್ಕೂ ಬಾರದು ಎಂಬುದು ಅವರ ಅಭಿಪ್ರಾಯ. ೧೯೬೪ರ ಡಿಸೆಂಬರಿನಲ್ಲಿ ಧನುಷ್ಕೋಟಿಯನ್ನು ಅಳಿಸಿಹಾಕಿದ ಚಂಡಮಾರುತ ಬಂತು. ತಮ್ಮ ಜೊತೆಗೆ ದೋಣಿ ಹತ್ತಿದ್ದ ಮುಳುಗುಗಾರರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ, ಯಾರು ಉಳಿದರೋ ತಿಳಿಯದೆ, ಆ ವಾರವೆಲ್ಲ ಗುರುಬಸಪ್ಪನವರು ಕೋಟು ತೊಡಲಿಲ್ಲ. ಫೆಬ್ರವರಿಯಲ್ಲಿ ಕಾತ್ಯಾಯಿನಿ ಮೂರನೆಯ ಸಲ ಹೊರಟಳು. ಆಳದಲ್ಲಿದ್ದ ಹವಳದ ಬಂಡೆಗಳನ್ನು ಕಡಲು ಮಗುಚಿ ತಂದು ದಡದ ಹತ್ತಿರ ಎಸೆದಿತ್ತು. ಮೊಣಕಾಲುದ್ದದ ಕದಡಿದ ನೀರಿನಲ್ಲಿ ಅಂಥದೊಂದು ಬಂಡೆಯ ಅಡಿಯನ್ನು ತಡಕುತ್ತಿದ್ದಾಗ, ಚರ್ಮದ ಹಾಗೆ ಬಿಗಿಯಾದ, ಗಂಟುಗಂಟಾದ ಮೈಯೊಂದು ಬೆರಳಿಗೆ ಸಿಕ್ಕಿತಂತೆ. ಬೆರಳನ್ನು ಮೂಗಿಗೆ ತಂದಳು, ನಲವತ್ತೊಂದನೆಯ ಜಾಡಿಯದೇ ವಾಸನೆ. ಆಮೇಲೆ ನೀರಿನಲ್ಲೇ ಕೂತುಬಿಟ್ಟಳಂತೆ.

ಹಾಲಿನ ದೊಡ್ಡ ಕ್ಯಾನಿನಲ್ಲಿ ಕಡಲ ನೀರು ತುಂಬಿ, ಸ್ಪಂಜನ್ನು ಅದರೊಳಗೆ ಮುಳುಗಿಸಿ, ಎರಡು ದಿನದ ರೈಲು ಪ್ರಯಾಣದಲ್ಲಿ ಅದನ್ನು ಮಡಿಲ ಹತ್ತಿರದಿಂದ ಕದಲಿಸದೆ ತಂದಳು. ನನ್ನನ್ನೂ ಕರೆದಿದ್ದರು. ಗುರುಬಸಪ್ಪನವರು ಶುಭ್ರವಾದ ಪಂಚೆಯುಟ್ಟು, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಪೂಜೆಗೆ ಕೂತವರಂತೆ ಮಣೆಯ ಮೇಲೆ ಕೂತಿದ್ದರು. ನನ್ನ ಕಡೆಗೆ ತಿರುಗಿ, "ಮೇಷ್ಟ್ರೇ, ನೀವು ಸಾಹಿತಿಗಳು. ಹೋಲಿಕೆ ಬೇಡ. ಬಣ್ಣ ಮಾತ್ರ ಹೇಳಿ" ಎಂದರು. ಕಾತ್ಯಾಯಿನಿ ಅದನ್ನು ನೀರಿನಿಂದೆತ್ತಿ ಅವರ ಬೊಗಸೆಯಲ್ಲಿಟ್ಟಳು. ಹಳದಿ, ಎಂದೆ. ಎಂಥ ಹಳದಿ ಎಂದರು. ಅರಿಶಿನದ ಹಾಗೆ ಎನ್ನಲು ಹೊರಟವನು ತಡೆದುಕೊಂಡು, ಕಟುವಾದ, ಹಸುರಿನ ಕಡೆಗೆ ವಾಲಿದ ಹಳದಿ ಎಂದೆ. ಅವರ ಹೆಬ್ಬೆರಳುಗಳು ಅದರ ಮೈಮೇಲೆ ಸರಿದಾಡಿದ ಕಡೆಯೆಲ್ಲ ಮೊದಲು ಬಣ್ಣ ಕಂದಿತು. ಅಂಚಿನಲ್ಲಿ ಹಸುರು, ಎಂದೆ. ಈಗ ನೀಲಿ. ಗಂಟುಗಳ ತುದಿಯಲ್ಲಿ ಇನ್ನೂ ಹಳದಿಯಿದೆ. ನಡುವೆ ನೇರಳೆ. ಮೂವತ್ತು ವರ್ಷ ಭಾಷೆಯನ್ನು ಕಲಿಸಿದವನಿಗೆ ಆ ಕಾಲುಗಂಟೆಯಲ್ಲಿ ಬಣ್ಣಗಳಿಗೆ ಎಷ್ಟು ಕಡಿಮೆ ಹೆಸರುಗಳಿವೆಯೆಂದು ತಿಳಿಯಿತು. ಕೊನೆಗೆ ಎಲ್ಲ ಒಂದೇ ಕಡುನೇರಳೆಯಾಗಿ ನಿಂತಾಗ ನಾನು ಸುಮ್ಮನಾದೆ. ಗುರುಬಸಪ್ಪನವರ ಕಣ್ಣಿನಿಂದ ನೀರು ಇಳಿದು ಗಲ್ಲದ ತುದಿಗೆ ಬಂದಿತ್ತು. ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಶಿವಬಸಮ್ಮನವರು ಬಂದು ಸೆರಗಿನಿಂದ ಒರೆಸಿದರು.

"ಅದೇ ಅಂತ ಇಟ್ಕೊಳ್ಳೋಣ" ಎಂದರು ಗುರುಬಸಪ್ಪನವರು.

ಅದನ್ನು ವರ್ಣಿಸಿ ಬರೆಯಲು ಒಂದು ವರ್ಷ ಹಿಡಿಯಿತು. ಕಾತ್ಯಾಯಿನಿ ಸೂಕ್ಷ್ಮದರ್ಶಕದಲ್ಲಿ ನೋಡುವಳು, ಅವರು ಕೇಳುವರು, ನಾನು ಬರೆದುಕೊಳ್ಳುವೆನು. ನಾರಿನ ಎಳೆಯೊಳಗೆ ತಿರುಳು ಕಾಣುತ್ತದೆಯೇ, ತಿರುಳು ಎಳೆಯ ಎಷ್ಟು ಪಾಲು, ಎಳೆಗಳು ಕೂಡುವ ಕಡೆ ಹಲಗೆಯಂತೆ ಅಗಲವಾಗುತ್ತವೆಯೇ? ಒಂದೊಂದು ಪ್ರಶ್ನೆಗೂ ಅವಳು ಮತ್ತೆ ಮತ್ತೆ ನೋಡಬೇಕಾಗುತ್ತಿತ್ತು. ಹೊಸ ಜಾತಿಯೆಂದು ನಿರೂಪಿಸುವ ಆ ಇಪ್ಪತ್ತು ಪುಟಗಳನ್ನು, ಒಣಗಿಸಿದ ಒಂದು ಚೂರಿನೊಡನೆ, ಲಂಡನ್ನಿನ ತಜ್ಞರೊಬ್ಬರ ಅಭಿಪ್ರಾಯಕ್ಕೆ ಕಳಿಸಿದೆವು. ಇತ್ತ ಅವಳ ಪರೀಕ್ಷೆಗಳು ಮುಂದುವರಿದು, ಆ ಸ್ಪಂಜಿನ ಸತ್ವದಲ್ಲಿ ಬ್ರೋಮಿನ್ ಇದೆಯೆಂದೂ, ರೋಗಾಣುಗಳನ್ನು ಕೊಲ್ಲುವಷ್ಟೇ ಬಿರುಸಾಗಿ ಅದು ಗಾಯದ ಹಸಿ ಮಾಂಸವನ್ನೂ ಸುಡುವುದರಿಂದ ಸದ್ಯಕ್ಕೆ ಮದ್ದಾಗಿ ಬಳಸುವಂತಿಲ್ಲವೆಂದೂ ತಿಳಿಯಿತು. ಅವಳ ಪ್ರಬಂಧ ಅಚ್ಚಾಯಿತು. ಗುರುಬಸಪ್ಪನವರ ಹೆಸರನ್ನು ತನ್ನ ಹೆಸರಿಗಿಂತ ಮೊದಲು ಹಾಕಿಸಿದ್ದಳು.

ಲಂಡನ್ನಿನ ಉತ್ತರ ೧೯೬೭ರ ಜೂನಿನಲ್ಲಿ ಬಂತು. ಓದುವುದು ನನ್ನ ಪಾಲಿನ ಕೆಲಸ. ಮೊದಲ ಕೆಲವು ಸಾಲುಗಳನ್ನು ಕಣ್ಣಲ್ಲೇ ಓದಿದೆ. ನಿಮ್ಮ ವರ್ಣನೆ ನಾನು ಕಂಡ ಅತ್ಯಂತ ನಿಖರವಾದ ವರ್ಣನೆಗಳಲ್ಲೊಂದು ಎಂದು ಮೆಚ್ಚಿ, ಆದರೆ ಈ ಸ್ಪಂಜು ಹೊಸದಲ್ಲ, ಅದೇ ಕಡಲಿನಿಂದ ದೊರೆತ ಮಾದರಿಯೊಂದನ್ನು ಕಳೆದ ಶತಮಾನದಲ್ಲೇ ಒಬ್ಬರು ವರ್ಣಿಸಿ ಹೆಸರಿಟ್ಟಿದ್ದಾರೆ ಎಂದು ಆ ತಜ್ಞರು ಬರೆದಿದ್ದರು. ಸುಳ್ಳು ಓದಿಬಿಡಲೇ ಎಂದು ಒಂದು ಕ್ಷಣ ಯೋಚಿಸಿದ್ದುಂಟು. ಓದಿದೆ. ಕಾತ್ಯಾಯಿನಿ ನೆಲ ನೋಡುತ್ತಿದ್ದಳು. ಇಪ್ಪತ್ತೊಂಬತ್ತು ವರ್ಷ ಒಂದು ಜಾಡಿಯನ್ನು ಕಾಯ್ದ ಮನುಷ್ಯನ ಮುಖವನ್ನು ನೋಡುವ ಧೈರ್ಯ ನನಗೂ ಬರಲಿಲ್ಲ.

ಅವರು ನಗುತ್ತಿದ್ದರು. ಸಮಾಧಾನಕ್ಕೆ ನಕ್ಕದ್ದಲ್ಲ, ಎದೆಯ ಮೇಲಿನ ಭಾರ ಇಳಿದವರ ನಗು. "ಹಾಗಾದ್ರೆ ಅದಕ್ಕೆ ಹೆಸರಿತ್ತು. ನಾನು ಅದಕ್ಕೆ ಅನ್ಯಾಯ ಮಾಡಿಬಿಟ್ಟೆ ಅಂತ ಇಷ್ಟು ವರ್ಷ ಕೊರಗಿದ್ದೆ ಮೇಷ್ಟ್ರೇ. ಯಾರೋ ಮೊದಲೇ ನೋಡಿದಾರೆ, ಸರಿಯಾಗೇ ನೋಡಿದಾರೆ" ಎಂದರು. ಆ ಹೆಸರನ್ನು ಅಕ್ಷರ ಅಕ್ಷರವಾಗಿ ನನ್ನಿಂದ ಹೇಳಿಸಿ, ಚೀಟಿಯ ಮೇಲೆ ಬರೆಸಿ, ಅಂಟನ್ನು ತಾವೇ ಸವರಿ ಜಾಡಿಗೆ ಅಂಟಿಸಿದರು. ಅವತ್ತು ಮನೆಯಲ್ಲಿ ಪಾಯಸ ಮಾಡಿದ್ದರು. ಮರುವರ್ಷ ಮಾಗಿಯಲ್ಲಿ, ಹೆಚ್ಚು ಕಾಯಿಲೆ ಮಲಗದೆ, ಅವರು ತೀರಿಕೊಂಡರು. ನೂರಹನ್ನೆರಡು ಜಾಡಿಗಳೂ ಒಂದು ಕಾಲೇಜಿನ ವಸ್ತುಸಂಗ್ರಹಕ್ಕೆ ಹೋದವು. ಬಣ್ಣ ಚೆಲ್ಲಕೂಡದೆಂಬ ಷರತ್ತನ್ನು ಶಿವಬಸಮ್ಮನವರು ಕಾಗದದಲ್ಲಿ ಬರೆಸಿ ಸಹಿ ಹಾಕಿಸಿಕೊಂಡರು.

ಕಂಡುಹಿಡಿದವರ ಚರಿತ್ರೆಯನ್ನು ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ, ಅದು ಸರಿಯೇ. ಆದರೆ ಪ್ರತಿ ತಲೆಮಾರಿನಲ್ಲೂ, ಪ್ರತಿ ಊರಿನಲ್ಲೂ ಇನ್ನೊಂದು ಜಾತಿಯ ಜನ ಇರುತ್ತಾರೆ. ಒಂದು ವಸ್ತುವನ್ನು ಸರಿಯಾಗಿ ನೋಡಿದ ಮೇಲೆ ಅದರ ಬಗ್ಗೆ ತಮಗೊಂದು ಋಣ ಹುಟ್ಟಿತೆಂದು ಭಾವಿಸುವವರು, ಅದು ಇದ್ದದ್ದು ಇದ್ದ ಹಾಗೆ ಮುಂದಿನವರ ಕೈಸೇರುವವರೆಗೂ ನಿದ್ದೆ ಬಾರದವರು. ಅದಕ್ಕೆ ತಮ್ಮ ಹೆಸರು ಅಂಟಿತೇ ಇನ್ನೊಬ್ಬರದು ಅಂಟಿತೇ ಎಂಬ ಪ್ರಶ್ನೆ ಅವರ ಮನಸ್ಸಿಗೆ ಬರುವುದು ಬಹಳ ತಡವಾಗಿ, ಬಂದರೂ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅವರು ಬದುಕಿದ್ದಾಗ ನಾವು ಅವರ ವಿಚಿತ್ರ ಅಭ್ಯಾಸಗಳನ್ನು ನೋಡಿ ನಗುತ್ತೇವೆ. ಹೋದ ಮೇಲೆ, ನಮಗೆ ತಿಳಿದದ್ದೆಂದು ನಾವು ನಿಶ್ಚಿಂತೆಯಿಂದ ಹೇಳಿಕೊಳ್ಳುವ ಎಷ್ಟೋ ಸಂಗತಿಗಳನ್ನು ಅಂಥ ಯಾರೋ ಒಬ್ಬರು, ನಮ್ಮ ಬೀದಿಯಲ್ಲೇ, ಕಾದು ಕೊಟ್ಟಿದ್ದರೆಂಬುದು ಮೆಲ್ಲಗೆ ಅರಿವಾಗುತ್ತದೆ.